ಮೂರು ಕೊಡ ನೀರು

ಎಂಬತ್ತಮೂರನೇ ಇಸವಿ. ಛಟ್ಟಿ ಅಮಾವಾಸ್ಯೆಯ ಮಧ್ಯಾಹ್ನ. ಅಫಜಲಪುರದ ಹೊರಗೆ ಮೂರು ದಾರಿ ಕೂಡುವಲ್ಲಿ ಅಖ್ತರಬೇಗಂ ಸತ್ತು ಬಿದ್ದಿದ್ದಳು.

ಸುದ್ದಿ ತಂದವನು ಬಸ್ಸಿನ ಕಂಡಕ್ಟರ್. ಅವಳ ಗಂಡ ಮಲಂಗಸಾಬ ತನ್ನ ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ.

"ಮಿಸ್ತ್ರಿ, ಮೂರು ದಾರಿ ಕೂಡೂ ಕಡೆ ಲಗೂನ ಹೋಗು. ಹೆಣ್ಣುಮಗಳೊಬ್ಬಾಕಿ ಬಿದ್ದಾಳ. ನಿನ್ನ ಮನಿಯಾಕಿ ಇದ್ದಂಗ ಅದಾಳ."

ಮಲಂಗಸಾಬ ಪಾನಾ ಕೆಳಗಿಟ್ಟ. ಕೈ ಒರೆಸಿಕೊಂಡ. ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಅವನು ಯೋಚಿಸಿದ್ದು ಟ್ರ್ಯಾಕ್ಟರಿನ ಬಗ್ಗೆ. ಒಂದು ನಟ್ಟು ಬಿಗಿ ಮಾಡದೆ ಬಂದಿದ್ದೇನೆ, ಯಾರಾದರೂ ಚಾಲೂ ಮಾಡಿಬಿಟ್ಟರೆ ಹೇಗೆ ಎಂದು. ಇದಕ್ಕಾಗಿ ಆಮೇಲೆ ಅವನಿಗೆ ನಾಚಿಕೆಯಾಯಿತು.

ಅಲ್ಲಿ ನಿಂತಿದ್ದವನು ಒಬ್ಬನೇ. ದೌಲತರಾಯ ಸಾವ್ಕಾರರ ತಮ್ಮ ಗುರಣ್ಣ. ಮೂವತ್ತೈದರ ಆಳು. ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು.

"ಲಾರಿ ಹೊಡೀತು ಮಿಸ್ತ್ರಿ. ನಾ ಬಸ್ ಹಿಡೀಬೇಕಂತ ಊರಿಂದ ನಡಕೋತ ಬರಾಕತ್ತಿದ್ದೆ. ಕಣ್ಣಾರೆ ನೋಡೇನಿ. ಹೊಲಕ್ಕ ಓಡಿ ಹೋಗಿ ನೀರು ತಂದೆ. ಬರೂದ್ರಾಗ ಜೀವ ಹೋಗಿತ್ತು."

ಮಲಂಗಸಾಬ ಹೆಂಡತಿಯ ಪಕ್ಕದಲ್ಲಿ ಕೂತ. ಅವಳು ಕುಪ್ಪಸ ಹೊಲಿಯುತ್ತಿದ್ದಳು. ಅಂದು ಹೊಲಿದದ್ದನ್ನು ಹಳ್ಳಿಗೆ ಕೊಟ್ಟು ವಾಪಸ್ ಬಸ್ಸಿಗೆ ಕಾಯುತ್ತಿದ್ದಳು. ಬಿಳಿ ಓಢಣಿ ರಸ್ತೆಯ ಮೇಲೆ ಹರಡಿತ್ತು. ಅವನು ಹೆಗಲ ಮೇಲಿನ ಟವೆಲಿನಿಂದ ಅವಳ ಮುಖದ ಧೂಳು ಒರೆಸಿದ. ಒಣ ಧೂಳು, ಹಿಟ್ಟಿನ ಹಾಗೆ ಉದುರಿತು.

ಫೌಜದಾರ ಖಂಡಪ್ಪ ಜೀಪಿನಲ್ಲಿ ಬಂದಾಗ ನಾಲ್ಕು ಗಂಟೆ. ಅವರು ಒಳ್ಳೆಯ ಅಧಿಕಾರಿ, ಆದರೆ ಬೇಗ ಮುಗಿಯುವ ಕೇಸುಗಳೆಂದರೆ ಅವರಿಗೆ ಪ್ರೀತಿ. ಶವದಿಂದ ಎರಡು ಹೆಜ್ಜೆ ಆಚೆ ರಸ್ತೆಯ ಮೇಲೆ ಚಾಪೆಯಷ್ಟಗಲ ಹಳದಿ ಕಲೆಯಿತ್ತು, ಓಢಣಿಯ ತುದಿ ಅದರ ಅಂಚಿಗೆ ತಾಗಿತ್ತು. ಅತ್ತ ಕಾಲಿಡಲು ಹೋದ ಸಾಹೇಬರನ್ನು ಪೇದೆ ತಡೆದ.

"ದಾಟಬ್ಯಾಡ್ರಿ ಸಾಹೇಬ್ರ. ಉತಾರ ಅದ."

ಅಮಾವಾಸ್ಯೆಯ ದಿನ ಮನೆಯ ಪೀಡೆಯನ್ನು ಇಳಿಸಿ ತಂದು ಮೂರು ದಾರಿ ಕೂಡುವಲ್ಲಿ ಸುರಿದು ಹೋಗುತ್ತಾರೆ. ಅದೇ ಉತಾರ. ಅದನ್ನು ಯಾರೂ ತುಳಿಯುವುದಿಲ್ಲ, ಬಗ್ಗಿ ನೋಡುವುದೂ ಇಲ್ಲ. ನೋಡಿದರೆ ಪೀಡೆ ನೋಡಿದವನ ಹಿಂದೆ ಬರುತ್ತದಂತೆ. ಅಲ್ಲಿ ನಿಂಬೆಹಣ್ಣು ಇರಲಿಲ್ಲ, ಅನ್ನದ ಉಂಡೆ ಇರಲಿಲ್ಲ, ಬರೀ ಅರಿಶಿನವಿತ್ತು. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಎಲ್ಲರೂ ಸುತ್ತು ಹಾಕಿ ನಡೆದರು. ಪಂಚನಾಮೆಯಲ್ಲಿ ಅದರ ಸುದ್ದಿಯೇ ಬರಲಿಲ್ಲ.

"ಯಾವ ಲಾರಿ?" ಫೌಜದಾರರು ಕೇಳಿದರು.

"ಕೆಂಪು ಮೂತೀದು," ಗುರಣ್ಣ ಹೇಳಿದ.

"ಬೀರಣ್ಣಂದು," ಮಲಂಗಸಾಬ ಹೇಳಿದ. "ನನ್ನ ಗ್ಯಾರೇಜಿನ ಮುಂದಿಂದ ಇತ್ತಾಗೇ ಬಂತ್ರಿ. ಎರಡೂವರಿಗೆ."

ಇಷ್ಟು ಸಾಕಾಯಿತು. ಸಂಜೆಯೊಳಗೆ ಬೀರಣ್ಣ ಲಾಕಪ್ಪಿನಲ್ಲಿದ್ದ.

* * *

ಎರಡು ತಿಂಗಳು ಹೋದವು. ಬೀರಣ್ಣನ ಜಾಮೀನಿಗೆ ನಿಲ್ಲುವವರು ಯಾರೂ ಸಿಗಲಿಲ್ಲ. ಸ್ವಂತ ಮನೆ, ಹೊಲ ಇರುವವರಿಗೆ ಡ್ರೈವರನ ನೆಂಟಸ್ತಿಕೆ ಬೇಕಾಗಿರಲಿಲ್ಲ.

ಮಲಂಗಸಾಬ ಎಂದಿನಂತೆ ಗ್ಯಾರೇಜು ತೆರೆದ, ಮುಚ್ಚಿದ. ಅಳಲಿಲ್ಲ. ಜನ ಬಂದು ಸಮಾಧಾನ ಹೇಳಿದರೆ ಹೂಂ ಅನ್ನುತ್ತಿದ್ದ. ಊಟದ ರುಚಿ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಬಿಸಿ ಸೈಲೆನ್ಸರಿಗೆ ಕೈ ತಾಗಿ ಬೊಬ್ಬೆ ಎದ್ದದ್ದು ಗಿರಾಕಿ ತೋರಿಸಿದ ಮೇಲೆಯೇ ಅವನಿಗೆ ತಿಳಿದದ್ದು. ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಗಂಟನ್ನು ಅವನು ಬಿಚ್ಚಿರಲಿಲ್ಲ. ಅದು ಟ್ರಂಕಿನ ಮೇಲೆ ಕೂತೇ ಇತ್ತು.

ಗುರಣ್ಣ ಮಾತ್ರ ಮರೆಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಚೀಲ ಜೋಳ ಕಳಿಸುತ್ತಿದ್ದ. ಊರವರು ಹೊಗಳಿದರು. ಮಲಂಗಸಾಬನಿಗೂ ಅವನು ದೊಡ್ಡ ಮನಸ್ಸಿನವ ಅನ್ನಿಸಿತ್ತು.

ಇನ್ನೊಬ್ಬಳು ಬರುತ್ತಿದ್ದಳು. ಬೀರಣ್ಣನ ಹೆಂಡತಿ ರೇವಮ್ಮ. ಬಂದು ಗ್ಯಾರೇಜಿನ ಹಳೆಯ ಟೈರಿನ ಮೇಲೆ ಕೂರುತ್ತಿದ್ದಳು. ಮಾತಾಡುತ್ತಿರಲಿಲ್ಲ. ಒಂದು ಮಂಗಳವಾರ ಮಾತಾಡಿದಳು.

"ಅಣ್ಣಾ, ಬರೂ ಸೋಮವಾರ ಕೋರ್ಟ್ ಅದ. ನೀ ಸಾಕ್ಷಿ ಹೇಳ್ತಿ ಅಂತ."

"ಹೌದು ತಂಗಿ."

"ಏನ್ ಹೇಳ್ತಿ?"

"ನೋಡಿದ್ದು ಹೇಳ್ತೇನಿ."

"ಹೊಡೆದದ್ದು ನೋಡಿಯೇನು?"

"ಇಲ್ಲ. ಹೋಗಿದ್ದು ನೋಡೇನಿ."

ಅವಳು ಎದ್ದಳು. "ಹೊಡೆದಿದ್ರ ಅಂವ ನಿಲ್ಲಿಸ್ತಿದ್ದ ಅಣ್ಣಾ. ಕೋಳಿಮರಿ ಸತ್ರೂ ಇಳದು ನೋಡಾಂವ ಅಂವ. ನಿನ್ನ ಮಾತಿನ ಮ್ಯಾಗ ನನ್ನ ಮನಿ ಅದ."

ಅವಳು ಹೋದಳು. ಮಲಂಗಸಾಬನಿಗೆ ಕೋಪ ಬರಲಿಲ್ಲ, ಕನಿಕರವೂ ಬರಲಿಲ್ಲ. ಸೋಮವಾರಕ್ಕೆ ಆರು ದಿನ ಇತ್ತು.

* * *

ಮರುದಿನ ದೌಲತರಾಯರಿಂದ ಕರೆ ಬಂತು. ಕಾರಿನ ಇಂಜಿನ್ನು ನಡುಗುತ್ತದೆ, ಮನೆಯಲ್ಲೇ ರಿಪೇರಿ ಮಾಡೋಣ, ನೀನು ಬಂದು ಕೈ ಹಚ್ಚು ಎಂದು.

ಆ ಕಾರು ಇಡೀ ತಾಲೂಕಿಗೆ ಗೊತ್ತು. ಹೈದರಾಬಾದಿನ ನವಾಬನೊಬ್ಬನ ಮನೆಯ ಹರಾಜಿನಲ್ಲಿ ಹಿಡಿದದ್ದು. ವಿಲಾಯತಿ ಮಾಲು. ಎರಡೇ ಸೀಟು, ಹಸಿರು ಬಣ್ಣ, ಮೇಲೆ ಬಟ್ಟೆಯ ಹೊದಿಕೆ. ಓಟದ ಪಂದ್ಯಕ್ಕೆಂದು ಹುಟ್ಟಿದ ಗಾಡಿಯನ್ನು ಸಾವ್ಕಾರರು ಎತ್ತಿನ ಬಂಡಿಯ ಹಾಗೆ ಮೆಲ್ಲಗೆ ಓಡಿಸುತ್ತಿದ್ದರು. ಅರವತ್ತು ದಾಟಿದರೂ ಅದರ ಕೀಲಿಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ತಮ್ಮನಿಗೂ ಕೊಟ್ಟವರಲ್ಲ.

ಇಂಥ ಕಾರಿನಲ್ಲಿ ಇಂಜಿನ್ನು ಎರಡು ರಬ್ಬರ್ ಗಟ್ಟಿಗಳ ಮೇಲೆ ಕೂತಿರುತ್ತದೆ. ಅದಕ್ಕೆ ಮೌಂಟಿಂಗ್ ಅನ್ನುತ್ತಾರೆ. ರಬ್ಬರು ಸವೆದರೆ ಇಂಜಿನ್ನು ಕುಣಿಯುತ್ತದೆ. ಈ ಕಾರಿನ ರಬ್ಬರು ಹೈದರಾಬಾದಿನಲ್ಲೂ ಸಿಗುವುದಿಲ್ಲ. ಸಾವ್ಕಾರರು ಹಿಟ್ಟಿನ ಗಿರಣಿಯ ಹಳೆಯ ರಬ್ಬರ್ ಪಟ್ಟಾ ತಂದು, ತುಂಡು ಮಾಡಿ, ಒಂದರ ಮೇಲೊಂದು ಇಟ್ಟು, ಬೋಲ್ಟಿಗೆ ತೂತು ಹೊಡೆದು ತಾವೇ ಎರಡು ಗಟ್ಟಿ ತಯಾರು ಮಾಡಿದ್ದರು. ಮಲಂಗಸಾಬ ಅದನ್ನು ಒತ್ತಿ ನೋಡಿದ. ಕೆಲಸ ಚೊಕ್ಕಟವಾಗಿತ್ತು.

"ಗುರಣ್ಣ ಸೋಲಾಪುರಕ್ಕ ಒಯ್ಯೂಣು ಅಂತಿದ್ದ," ಎಂದರು ದೌಲತರಾಯರು. "ಇದಕ್ಕ ಸೋಲಾಪುರ ಯಾಕ? ನೀ ಇದ್ದಿ, ನಾ ಇದ್ದೇನಿ. ಅಂವ ಆಳಂದಕ್ಕ ಹೋಗ್ಯಾನ, ಬೀಗರ ಮನಿಗೆ. ಬರೂದ್ರಾಗ ಮುಗಿಸಿಬಿಡೂಣು."

"ಎಂದಿನಿಂದ ನಡಗತದ್ರಿ?"

"ಮೊದ್ಲೂ ಸ್ವಲ್ಪ ಇತ್ತು. ಈಗ ಎರಡು ತಿಂಗಳಿಂದ ಭಾಳ. ನೀರೂ ಕುಡೀತದ. ಎರಡು ದಿನಕ್ಕೊಮ್ಮೆ ಆಳುಮಕ್ಕಳಿಂದ ಹಾಕಿಸಬೇಕು."

ಮುಂದಿನ ಮಡ್‌ಗಾರ್ಡಿನಲ್ಲಿ ಒಂದು ತಗ್ಗು ಇತ್ತು. ಮಲಂಗಸಾಬ ಅದರ ಮೇಲೆ ಕೈಯಾಡಿಸಿದ.

"ಎಮ್ಮಿ ಹಾಯ್ದದಂತ," ಎಂದರು ಸಾವ್ಕಾರರು.

ಇಂಜಿನ್ನು ಎತ್ತುವ ಮೊದಲು ರೇಡಿಯೇಟರಿನ ನೀರು ತೆಗೆಯಬೇಕು. ಇಲ್ಲದಿದ್ದರೆ ರಬ್ಬರ್ ಪೈಪು ಜಗ್ಗುತ್ತದೆ. ಶೆಡ್ಡಿನ ಮೂಲೆಯಲ್ಲಿ ಒಂದು ಹಿತ್ತಾಳೆಯ ಕೊಡ ಬಿದ್ದಿತ್ತು. ಮಲಂಗಸಾಬ ಅದನ್ನು ರೇಡಿಯೇಟರಿನ ಕೆಳಗಿಟ್ಟ. ಕೊಡದ ಕುತ್ತಿಗೆಯಲ್ಲಿ ಹೆಸರು ಕೊರೆದಿತ್ತು. 'ಗುರುಬಾಯಿ, ಅಂದೋಲಾ.'

"ಅಂದೋಲಾದಿಂದ ತಂದೀರೇನ್ರಿ ಕೊಡ?"

"ಹೆಣ್ಣುಮಕ್ಕಳು ತಂದಿರಬೇಕು. ನನಗೇನ್ ಗೊತ್ತು. ಪ್ರತಿ ಅಮಾಸಿ ಅಂದೋಲಾದ ಮಠಕ್ಕ ಹೋಗೂದು ನಾ. ಕೊಡ ತರೂ ವಯಸ್ಸೇನು ನಂದು?"

ಮಲಂಗಸಾಬ ಕೆಳಗಿನ ನಲ್ಲಿ ತಿರುಗಿಸಿದ. ನೀರು ಬಂತು.

ಹಳದಿ ನೀರು.

ಇಬ್ಬರೂ ನೋಡಿದರು. ಕೊಡದ ತುಂಬ ಅರಿಶಿನ ಕಲಸಿದ ನೀರು. ಅರಿಶಿನದ ವಾಸನೆ.

"ಇದೇನೋ ಇದು?" ದೌಲತರಾಯರ ಧ್ವನಿ ಏರಿತು. "ನನ್ನ ಗಾಡಿಗೆ ಅರಿಶಿಣ ಹಾಕಿದವರು ಯಾರು? ಇದೇನು ಲಾರಿ ಅಂತ ತಿಳದಾರೇನು?"

ರೇಡಿಯೇಟರು ಸೋರಿದರೆ ಲಾರಿ ಡ್ರೈವರುಗಳು ಒಂದು ಹಿಡಿ ಅರಿಶಿನ ಹಾಕುತ್ತಾರೆ. ಅದು ತೂತಿಗೆ ಹೋಗಿ ಕೂರುತ್ತದೆ, ಸೋರುವುದು ಕೆಲವು ದಿನ ನಿಲ್ಲುತ್ತದೆ. ಈ ಭಾಗದಲ್ಲಿ ಸ್ಟೇರಿಂಗ್ ಹಿಡಿದ ಯಾರಿಗೂ ಗೊತ್ತಿರುವ ಉಪಾಯ.  ಮಲಂಗಸಾಬ ಜಾಕಿಯ ಮೇಲೆ ಮರದ ಹಲಗೆ ಇಟ್ಟು ಇಂಜಿನ್ನಿನ ಹೊಟ್ಟೆಗೆ ಕೊಟ್ಟ. ಬೋಲ್ಟು ಬಿಚ್ಚಿದ. ಎಡಗಡೆಯ ಹಳೆಯ ರಬ್ಬರು ಎರಡು ಹೋಳಾಗಿ ಕೈಗೆ ಬಂತು.

ಅವನು ಅದನ್ನು ಬೆಳಕಿಗೆ ಹಿಡಿದ. ಅರ್ಧ ಸೀಳು ಹಳೆಯದು, ಎಣ್ಣೆ ಕುಡಿದು ಕಪ್ಪಾಗಿತ್ತು. ಉಳಿದರ್ಧ ಹೊಸದು, ಒಂದೇ ಏಟಿಗೆ ಮುಂದಕ್ಕೆ ಹರಿದದ್ದು. ಸವೆದ ರಬ್ಬರು ಕುಸಿಯುತ್ತದೆ. ಹೀಗೆ ಹರಿಯಬೇಕಾದರೆ ಭಾರೀ ವೇಗದಲ್ಲಿ ಹೋಗುತ್ತಿದ್ದ ಗಾಡಿಗೆ ಯಾರೋ ಗಕ್ಕನೆ ಬ್ರೇಕು ಒತ್ತಿರಬೇಕು. ಗಾಡಿ ನಿಂತಿದೆ, ಇಂಜಿನ್ನು ನಿಂತಿಲ್ಲ, ಮುಂದಕ್ಕೆ ನುಗ್ಗಿದೆ.

ಹಾಗಿದ್ದರೆ ಫ್ಯಾನು? ಅವನು ತಲೆ ಒಳಗೆ ಹಾಕಿ ನೋಡಿದ. ರೇಡಿಯೇಟರಿನ ಬೆನ್ನಿಗೆ ಫ್ಯಾನಿನ ಎಲೆ ಕೊರೆದ ಕಮಾನಿನಂಥ ಗೆರೆ ಇತ್ತು. ಗೆರೆಯ ಉದ್ದಕ್ಕೂ ಬಟ್ಟೆ ಸೋಪು ಮೆತ್ತಿತ್ತು. ಅರಿಶಿನ ತಾಗಿದ ಸೋಪು ಕುಂಕುಮದಂತೆ ಕೆಂಪಾಗಿತ್ತು.

"ಸಾವ್ಕಾರ್ರ, ಛಟ್ಟಿ ಅಮಾಸಿಗೆ ಅಂದೋಲಾಕ್ಕ ಹ್ಯಾಂಗ ಹೋಗಿದ್ರಿ?"

"ಬಸ್ಸಿಗೆ. ಅಮಾಸಿ ದಿನ ಗಾಡಿ ತಗೀತೇನೇನು ನಾ? ಕೀಲಿಕೈ ಉಡಿದಾರದಿಂದ ಬಿಚ್ಚಿ ದೇವರಮನಿ ಜಗಲಿ ಮ್ಯಾಗ ಇಡ್ತೇನಿ. ಗಾಡಿಗೆ ಪೂಜಿ ಮಾಡಿ ಬಿಟ್ಟುಬಿಡ್ತೇನಿ. ಎತ್ತಿಗೆ ಹ್ಯಾಂಗ ಒಂದ್ ದಿನ ಬಿಡುವೋ, ಹಂಗ ಇದಕ್ಕೂ. ಯಾಕ ಕೇಳ್ತಿ?"

"ಸುಮ್ನ ಕೇಳ್ದೆ."

ಎಡಗಡೆಗೆ ಗಿರಣಿ ಪಟ್ಟಾದ ಹೊಸ ಗಟ್ಟಿ ಕೂರಿಸಿ ಬಿಗಿದ. ಬಲಗಡೆಯದಕ್ಕೆ ಕೈ ಹಾಕಲಿಲ್ಲ. ಬೋಲ್ಟು ಸಣ್ಣದಾಗುತ್ತದೆ, ಗ್ಯಾರೇಜಿನಿಂದ ತರುತ್ತೇನೆ ಎಂದ. ಅದು ಸುಳ್ಳು. ಇಪ್ಪತ್ತೈದು ವರ್ಷದಲ್ಲಿ ಅವನು ಅರ್ಧಕ್ಕೆ ಬಿಟ್ಟು ಬಂದ ಕೆಲಸಗಳು ಎರಡೇ, ಇದು ಎರಡನೆಯದು.

* * *

ಮನೆಗೆ ಬಂದು ಮಲಂಗಸಾಬ ಗಂಟು ಬಿಚ್ಚಿದ. ಎರಡು ತಿಂಗಳಿಂದ ಆಗದ ಕೆಲಸ ಈಗ ಸಲೀಸಾಗಿ ಆಯಿತು. ಅವನು ಹೆಂಡತಿಯ ಬಟ್ಟೆ ನೋಡುತ್ತಿರಲಿಲ್ಲ, ಒಂದು ಬಿಡಿಭಾಗ ನೋಡುತ್ತಿದ್ದ.

ಓಢಣಿಯ ಒಂದು ಸೆರಗು ಹಳದಿಯಾಗಿತ್ತು. ಹಳದಿಯ ಅಂಚಿನಲ್ಲಿ ತುಕ್ಕಿನ ಕಂದು ಗೆರೆ. ಉತಾರದ ಅರಿಶಿನಕ್ಕೆ ತುಕ್ಕು ಎಲ್ಲಿಂದ ಬರಬೇಕು? ಇದು ಕಬ್ಬಿಣ, ಹಿತ್ತಾಳೆಯ ನಡುವೆ ಸುತ್ತಿ ಬಂದ ನೀರು. ಅಂದು ರಸ್ತೆಯ ಮೇಲಿದ್ದದ್ದು ಉತಾರವಲ್ಲ. ಅವಳನ್ನು ಹೊಡೆದ ಗಾಡಿಯ ರೇಡಿಯೇಟರಿನ ನೀರು. ಜನ ಹೆದರಿ ಸುತ್ತು ಹಾಕಿದರು. ಅವನೂ ಸುತ್ತು ಹಾಕಿದ್ದ.

ಇನ್ನೊಂದು ಮಾತು ಅವನಿಗೆ ಆಗ ಹೊಳೆಯಿತು. ಬೀರಣ್ಣನ ಲಾರಿಗೆ ಅಮಾವಾಸ್ಯೆಯ ಹಿಂದಿನ ವಾರ ಹೊಸ ರೇಡಿಯೇಟರು ಹಾಕಿದವನು ಬೇರೆ ಯಾರೂ ಅಲ್ಲ, ತಾನೇ. ಅದರಲ್ಲಿದ್ದದ್ದು ತಿಳಿ ನೀರು. ಅದು ಹನಿ ಸಹ ಸೋರುತ್ತಿರಲಿಲ್ಲ.

ಹಾಗಾದರೆ ಒಬ್ಬ ನಿರಪರಾಧಿಯನ್ನು ತಾನೇ ಒಳಗೆ ಹಾಕಿಸಿದ್ದಾಯಿತು. ಇದನ್ನು ಯೋಚಿಸಿದಾಗಲೂ ಒಳಗೆ ಏನೂ ಆಗಲಿಲ್ಲ. ಆಗಬೇಕಿತ್ತು, ಆಗಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಓಡಿಸಿದವರು ಯಾರು? ಕಾರು ದೌಲತರಾಯರದು. ಕೀಲಿಕೈ ಅವರದು. ಬಸ್ಸಿಗೆ ಹೋದೆ ಎನ್ನುವುದು ಅವರ ಮಾತು. ಕೊಡದ ಮೇಲೆ ಅಂದೋಲಾದ ಹೆಸರಿದೆ. ಮಠಕ್ಕೆ ಕಾರಿನಲ್ಲೇ ಹೋಗಿ, ಸೋರುವ ರೇಡಿಯೇಟರಿಗೆ ಅಲ್ಲಿಂದ ಒಂದು ಕೊಡ ನೀರು ತುಂಬಿಸಿಕೊಂಡು ಬಂದರೋ? ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು. ಆದರೆ ಹಳದಿ ನೀರು ಕಂಡು ಸಾವ್ಕಾರರು ಬೈದ ಬೈಗುಳ ನಾಟಕದ್ದಲ್ಲ. ತಪ್ಪು ಮಾಡಿದವರು ಅದೇ ನೀರನ್ನು ಅವಳ ಗಂಡನ ಕೈಯಿಂದ ಬಿಡಿಸುತ್ತಾರೆಯೇ?

ಅವನು ಸೈಕಲ್ ಹತ್ತಿ ಮೂರು ದಾರಿ ಕೂಡುವಲ್ಲಿಗೆ ಹೋದ.

* * *

ತೊಗರಿ ಕಟಾವು ಮುಗಿದು ಹೊಲ ಬೋಳಾಗಿತ್ತು. ಅಂದು ಆಳೆತ್ತರದ ತೊಗರಿಯಿತ್ತು. ಈಗ ಇನ್ನೂರು ಹೆಜ್ಜೆ ಆಚೆ ಗುಡಿಸಲು ಸ್ಪಷ್ಟವಾಗಿ ಕಾಣುತ್ತಿತ್ತು. ಹೊಲ ಕಾಯುವ ಮುದುಕಿ ಬಾಗಿಲಲ್ಲಿ ಕೂತು ತೊಗರಿ ಕೇರುತ್ತಿದ್ದಳು. ಮೊಣಕಾಲು ಊದಿದ್ದವು. ಅವಳನ್ನು ಪೊಲೀಸರು ಒಂದು ಮಾತೂ ಕೇಳಿರಲಿಲ್ಲ.

"ಯವ್ವಾ, ಅಮಾಸಿ ದಿನ ಇಲ್ಲೊಬ್ಬಾಕಿ ಸತ್ಳಲ್ಲ, ಆಕಿ ಗಂಡ ನಾ."

ಮುದುಕಿ ಮೊರ ಕೆಳಗಿಟ್ಟಳು. "ಕೂಡ್ರು ತಮ್ಮಾ. ನನಗ ಬರಾಕ ಆಗಲಿಲ್ಲೋ. ಕಾಲು ನೋಡು. ನೀರರೆ ಕೊಟ್ಟೆ. ಸಾವ್ಕಾರ್ರ ತಮ್ಮ ಭಾಳ ಓಡ್ಯಾಡಿದ. ಮೂರು ಕೊಡ ಒಯ್ದ."

"ಮೂರಾ?"

"ಮೂರು. ಒಂದ್ ಕೊಡ ಒಯ್ದ. ಓಡಿ ಬಂದ. ಹ್ಯಾಂಗದಾಳಪ್ಪಾ ಅಂದೆ. ಜೀವ ಅದ, ಇನ್ನೊಂದು ಕೊಡು ಅಂದ.  ಅರಿವಿ ತೊಳಿಯೂ ಸೋಪು ಅದ ಏನು ಅಂದ. ರಕ್ತ ತೊಳೀಲಾಕ ಅಂತ ತಿಳದೆ, ಕೊಟ್ಟೆ. ಮತ್ತೂ ಬಂದ. ಮೂರನೇದು ಒಯ್ದಾಂವ ಬರಲಿಲ್ಲ. ಆಮ್ಯಾಲೆ ಸತ್ಳು ಅಂತ ಗೊತ್ತಾತು."

ಮಲಂಗಸಾಬ ಮೊರದ ಪಕ್ಕ ಕೂತ.

"ಕೊಡ ವಾಪಸ್ ಬಂತೇನ್ ಯವ್ವಾ?"

"ಇಲ್ಲ. ನಾನೂ ಕೇಳಲಿಲ್ಲ. ಸಾಯೂ ಜೀವಕ್ಕ ನೀರು ಕುಡಿಸಿದ ಕೊಡ ಮನಿಯೊಳಗ ತರಬಾರದು. ನನ್ನ ತವರುಮನಿ ಕೊಡ ಅದು, ಲಗ್ನದಾಗ ಕೊಟ್ಟಿದ್ದು. ಹೋಗ್ಲಿ ಬಿಡು, ಪುಣ್ಯದ ಕೆಲಸಕ್ಕ ಹೋತು."

"ತವರುಮನಿ ಯಾವೂರು?"

"ಅಂದೋಲಾ."

"ನಿನ್ನ ಹೆಸರು?"

"ಗುರುಬಾಯಿ ಅಂತಾರ."

* * *

ಫೌಜದಾರ ಖಂಡಪ್ಪ ಪೂರ್ತಿ ಕೇಳಿದರು. ನಡುವೆ ಎರಡು ಬಾರಿ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಸಾವ್ಕಾರ್ರ ಮನಿ ಮಿಸ್ತ್ರಿ. ತಪ್ಪಾದ್ರ ನಿನ್ನೂ ಬಿಡಂಗಿಲ್ಲ, ನನ್ನೂ ಬಿಡಂಗಿಲ್ಲ."

"ಕೊಡ ಅಲ್ಲೇ ಅದ್ರಿ. ನೀರೂ ಅದ್ರಾಗೇ ಅದ."

"ದೌಲತರಾಯರೇ ಓಡಿಸ್ಯಾರೇನು?"

"ಮಠದಾಗ ಕೇಳಸ್ರಿ."

ಕೇಳಿಸಲು ಒಂದು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಜೀಪು ಸಾವ್ಕಾರರ ಅಂಗಳದಲ್ಲಿ ನಿಂತಿತು. ಹಿಂದೆ ಗುರುಬಾಯಿ ಕೂತಿದ್ದಳು. ಗುರಣ್ಣ ಆಳಂದದಿಂದ ಬಂದಿದ್ದ, ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದ. ಜೀಪು ಕಂಡು ಬಾಯಿ ಮುಕ್ಕಳಿಸಿದ.

"ಏನ್ ಫೌಜದಾರ್ರ, ಮುಂಜಮುಂಜಾನೆ?" ದೌಲತರಾಯರು ಹೊರಗೆ ಬಂದರು.

"ಮಿಸ್ತ್ರಿ ಹೇಳ್ತಾನ. ನಾನೂ ಕೇಳಾಕ ಬಂದೇನಿ," ಎಂದರು ಖಂಡಪ್ಪ.

ಶೆಡ್ಡಿನಲ್ಲಿ ಕಾರು ಹಾಗೇ ಇತ್ತು. ಇಂಜಿನ್ನಿನ ಕೆಳಗೆ ಜಾಕಿ, ಅದರ ಪಕ್ಕ ಕೊಡ. ಗುರುಬಾಯಿ ಬಾಗಿಲಲ್ಲೇ ನಿಂತಳು.

"ಇದು ನಂದೇ. ಮುಟ್ಟಂಗಿಲ್ಲ ನಾ."

ಮಲಂಗಸಾಬ ಮಾತು ಶುರು ಮಾಡಿದ. ಗಿರಾಕಿಗೆ ರಿಪೇರಿ ತಿಳಿಸಿ ಹೇಳುವ ಧ್ವನಿಯಲ್ಲೇ ಹೇಳಿದ, ಏರಲಿಲ್ಲ, ಇಳಿಯಲಿಲ್ಲ.

"ಈ ಗಾಡಿ ಮೌಂಟಿಂಗ್ ಮೊದಲೇ ಸಡಿಲಾಗಿತ್ತು. ಜೋರು ಓಡಿಸಿದಾಗ ಫ್ಯಾನು ರೇಡಿಯೇಟರಿಗೆ ಸ್ವಲ್ಪ ತಾಗಿ ಸೋರಾಕತ್ತಿತ್ತು. ಸಾವ್ಕಾರ್ರು ಜೋರು ಓಡ್ಸಂಗಿಲ್ಲ. ಯಾರೋ ಕದ್ದು ಓಡಸ್ತಿದ್ರು. ಸೋರೂದು ಅವರಿಗೆ ಗೊತ್ತಾಗಬಾರದಂತ ಅರಿಶಿಣ ಹಾಕಿದ್ರು. ಛಟ್ಟಿ ಅಮಾಸಿ ದಿನ ಮೂರು ದಾರಿ ಕೂಡೂ ಕಡೆ ನನ್ನ ಮನಿಯಾಕಿಗಿ ಹೊಡೀತು. ಬ್ರೇಕ್ ಹಾಕಿದ್ರು. ರಬ್ಬರ್ ಹರೀತು, ಇಂಜಿನ್ ಮುಂದ ಬಂತು, ಫ್ಯಾನು ರೇಡಿಯೇಟರ್ ಸೀಳಿತು. ನೀರೆಲ್ಲ ರಸ್ತೆ ಮ್ಯಾಲ. ನಾವು ಉತಾರ ಅಂದ್ಕೊಂಡಿವಿ. ನೀರಿಲ್ದ ಗಾಡಿ ಮುಂದ ಹೋಗಂಗಿಲ್ಲ. ಬಂಡಿ ದಾರಿ ಹಿಡದು ತೊಗರ್ಯಾಗ ಇಳಿಸಿದ್ರು. ಈಕಿ ಗುಡಿಸಲಿಗೆ ಬಂದು ಮೂರು ಕೊಡ ನೀರು, ಒಂದು ಸೋಪು ಒಯ್ದ್ರು. ಸೋಪು ನೋಡ್ರಿ, ಅಲ್ಲೇ ಅದ."

ಗುರಣ್ಣ ಗೋಡೆಗೆ ಒರಗಿದ. "ಗಾಡಿ ಅಣ್ಣಂದು. ಕೀಲಿಕೈ ಅಣ್ಣನ ಹಂತ್ಯಾಕ ಇರ್ತದ. ಅಣ್ಣನ್ನ ಕೇಳ್ರಿ."

ದೌಲತರಾಯರು ತಮ್ಮನ ಕಡೆ ತಿರುಗಿದರು. 

"ಕೇಳೇನಿ," ಎಂದರು ಖಂಡಪ್ಪ. "ಅವರು ಬೆಳಗಿನ ಬಸ್ಸಿಗೆ ಹೋಗಿ ಸಂಜೀತನ ಮಠದಾಗ ಇದ್ರು. ಪಂಕ್ತಿಯೊಳಗ ಬಡಿಸ್ಯಾರ. ನೂರು ಮಂದಿ ನೋಡ್ಯಾರ."

"ಕೀಲಿಕೈ ಬಾಕಿ ದಿನ ಉಡಿದಾರದಾಗ ಇರ್ತದ," ಮಲಂಗಸಾಬ ಹೇಳಿದ. "ಅಮಾಸಿ ಒಂದು ದಿನ ಜಗಲಿ ಮ್ಯಾಗ ಇರ್ತದ. ಸಾವ್ಕಾರ್ರೂ ಊರಾಗ ಇರಂಗಿಲ್ಲ. ಗಾಡಿಗೆ ಬಿಡುವು ಅಂತ ಇಡೀ ತಾಲೂಕಿಗೆ ಗೊತ್ತು, ಯಾರೂ ಸಂಶಯ ಪಡಂಗಿಲ್ಲ. ಕದ್ದು ಓಡಿಸಾಕ ಅದೊಂದೇ ದಿನ. ಜಗಲಿಗೆ ಆಳುಮಕ್ಕಳು ಹೋಗಂಗಿಲ್ಲ, ಮನಿಯವರೇ ಹೋಗಬೇಕು. ಸಾವ್ಕಾರ್ರ, ಎಮ್ಮಿ ಹಾಯ್ದದಂತ ನಿಮಗ ಹೇಳಿದವರು ಯಾರು?"

"ಗುರಣ್ಣ." ದೌಲತರಾಯರ ದನಿ ಕೇಳಿಸುವಷ್ಟಿತ್ತು, ಅಷ್ಟೇ.

"ಕೊಡ ಒಯ್ದವರು ಯಾರು, ಯವ್ವಾ?"

ಗುರುಬಾಯಿ ಬೆರಳು ತೋರಿಸಲಿಲ್ಲ. ನೋಡಿದಳು. "ಇಂವ."

"ನೀವು ನೀರು ತರೂದ್ರಾಗ ಜೀವ ಹೋಗಿತ್ತು ಅಂದ್ರಿ, ಗುರಣ್ಣ. ಹೋಗಿದ್ರ ಎರಡನೇ ಕೊಡ ಯಾಕ ಬೇಕಾಗಿತ್ತು? ಹೋಗಿರದಿದ್ರ, ಮೊದಲನೇ ಕೊಡ ಆಕಿಗೆ ಯಾಕ ಹಾಕಲಿಲ್ಲ? ನಾ ಬಂದು ಮುಖ ಒರಸಿದೆ. ಒಣ ಧೂಳು ಇತ್ತು. ತುಟಿ ಒಣಗಿತ್ತು. ಒಂದ್ ಹನಿ ಬಿದ್ದಿರಲಿಲ್ಲ. ನಿಮ್ಮ ತೋಳು ಮಾತ್ರ ಹಸಿ ಇತ್ತು."

ಗುರಣ್ಣ ನೆಲದ ಮೇಲೆ ಕೂತ. ಮೂವತ್ತೈದು ವರ್ಷದ ಮನುಷ್ಯ ಶಾಲೆಯ ಹುಡುಗನ ಹಾಗೆ ಮೊಣಕಾಲ ನಡುವೆ ತಲೆ ಹಾಕಿದ.

"ಒಂದ್ ಸಲಾನೂ ಕೊಟ್ಟಿಲ್ಲ ಕೀಲಿಕೈ. ಒಂದ್ ಸಲಾನೂ." ಅವನು ಯಾರಿಗೆ ಹೇಳುತ್ತಿದ್ದನೋ ತಿಳಿಯಲಿಲ್ಲ. "ಮೊದಲನೇ ಕೊಡ ಸೋರಿಹೋತು. ಸೋಪು ಹಚ್ಚಿ ಎರಡನೇದು ಹಾಕ್ದೆ. ಮೂರನೇದು ಮನೀತನಕ ಬೇಕಾಗ್ತದ ಅಂತ ಗಾಡ್ಯಾಗ ಇಟ್ಟೆ. ಅಷ್ಟರಾಗ ಬಸ್ ಬಂತು. ಲಾರಿ ಆಗೇ ಹೋಗಿತ್ತು, ಅದರ ಹೆಸರು ಹೇಳ್ದೆ. ಸಂಜೀಕ ಬಂದು ಗಾಡಿ ಒಯ್ದೆ. ಮನ್ಯಾಗ ಮತ್ತ ಅರಿಶಿಣ ಹಾಕ್ಕೋತ ಬಂದೆ."

"ಉಸಿರಿತ್ತೇನು ಆಕಿಗಿ?" ಮಲಂಗಸಾಬ ಕೇಳಿದ.

 ಖಂಡಪ್ಪ ಬೂಟಿನಿಂದ ನೆಲ ತಟ್ಟಿದರು.

"ಇತ್ತು," ಎಂದ ಗುರಣ್ಣ. "ನೀರು, ನೀರು ಅಂದಳು. ಅದು ಕೇಳೇ ನನಗ ಗುಡಿಸಲು ನೆಪ್ಪಾತು."

ದೌಲತರಾಯರು ಉಡಿದಾರದಿಂದ ಕೀಲಿಕೈ ಬಿಚ್ಚಿದರು.  ಅದನ್ನು ಫೌಜದಾರರ ಮುಂದೆ ನೆಲದ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

* * *

ಕಾರು ಠಾಣೆಗೆ ಹೋಗಬೇಕಿತ್ತು. ಎಳೆದುಕೊಂಡು ಹೋದರೆ ಒಂದು ಕಡೆ ಸವೆದ ರಬ್ಬರಿನ ಮೇಲೆ ತೂಗುತ್ತಿರುವ ಇಂಜಿನ್ನು ಬಿದ್ದು ಹೋಗುತ್ತದೆ ಎಂದ ಮಲಂಗಸಾಬ. ಬಲಗಡೆಯ ರಬ್ಬರು ಹಾಕಲೇಬೇಕು.

"ಬ್ಯಾರೆ ಮಿಸ್ತ್ರಿನ ಕರಸ್ತೇನಿ," ಎಂದರು ಖಂಡಪ್ಪ.

"ಬ್ಯಾಡ್ರಿ. ನಂದೇ ಕೆಲಸ ಇದು."

ಹರಿದ ಎಡಗಡೆಯ ರಬ್ಬರು, ಕೊಡ, ಓಢಣಿ ಎಲ್ಲವೂ ಈ ಸಲ ಪಂಚನಾಮೆಗೆ ಬಂದವು. ಜೀಪು ಗುರಣ್ಣನನ್ನೂ ಮುದುಕಿಯನ್ನೂ ಕೂರಿಸಿಕೊಂಡು ಮುಂದೆ ಹೋಯಿತು. ಖಂಡಪ್ಪ ಉಳಿದರು. ಮಲಂಗಸಾಬ ಬೋಲ್ಟು ಬಿಚ್ಚಿದ, ಜಾಕಿ ಒಂದು ಬೆರಳು ಎತ್ತಿದ, ಗಟ್ಟಿ ಕೂರಿಸಿದ, ಇಳಿಸಿದ, ಬಿಗಿದ. ರೇಡಿಯೇಟರಿನ ಸೀಳಿಗೆ ಕೈ ಹಚ್ಚಲಿಲ್ಲ, ಅದು ಸಾಕ್ಷಿ. ತಿಳಿ ನೀರು ಹಾಕಿ ಚಾಲೂ ಮಾಡಿದ. ಇಂಜಿನ್ನು ಅಲುಗಾಡಲಿಲ್ಲ.

"ಬೀರಣ್ಣನ ಕಾಗದ ಇವತ್ತೇ ಕಳಸ್ತೇನಿ," ದಾರಿಯಲ್ಲಿ ಖಂಡಪ್ಪ ಹೇಳಿದರು. "ಸೋಮವಾರದೊಳಗ ಮನಿಗೆ ಬರ್ತಾನ. ತಪ್ಪು ನಂದೂ ಅದ. ಆ ಹಳದಿ ಕಲೆ ನಾ ಬಗ್ಗಿ ನೋಡಬೇಕಾಗಿತ್ತು."

ಮಲಂಗಸಾಬ ಹೂಂ ಅಂದ. ರೇವಮ್ಮನಿಗೆ ಹೋಗಿ ತಾನೇ ಹೇಳಬೇಕು ಎಂದುಕೊಂಡ. ಏನೆಂದು ಹೇಳುವುದೋ ತಿಳಿಯಲಿಲ್ಲ.

ಮೂರು ದಾರಿ ಕೂಡುವಲ್ಲಿ ಗುರುಬಾಯಿ ನಿಂತಿದ್ದಳು. ಜೀಪಿನಿಂದ ಇಳಿದವಳು ಗುಡಿಸಲಿಗೆ ಹೋಗಿ ಬಂದಿದ್ದಳು, ಕೈಯಲ್ಲಿ ತಂಬಿಗೆ ಇತ್ತು. ಮಲಂಗಸಾಬ ಗಾಡಿ ನಿಲ್ಲಿಸಿ ಇಳಿದ.

"ಮುಂಜಾನಿಂದ ಏನೂ ಕುಡಿದಿಲ್ಲ ನೀ. ತಗೋ ತಮ್ಮಾ."

ಅವನು ತಂಬಿಗೆ ತಗೊಂಡ. ಬಾಯಿಯವರೆಗೆ ಒಯ್ದ. ಕುಡಿಯಲಾಗಲಿಲ್ಲ. ನಾಲ್ಕು ಹೆಜ್ಜೆ ನಡೆದು, ಅಖ್ತರಬೇಗಂ ಬಿದ್ದಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತ. ನೀರನ್ನು ನಿಧಾನವಾಗಿ ಧೂಳಿನ ಮೇಲೆ ಬಿಟ್ಟ. ಧೂಳು ಕುಡಿಯಿತು. ತಂಬಿಗೆ ಖಾಲಿಯಾದ ಮೇಲೂ ಬಗ್ಗಿಸಿ ಹಿಡಿದೇ ಇದ್ದ.  ಎರಡು ತಿಂಗಳಿಂದ ಬಾರದ ಅಳು ಒಮ್ಮೆಲೇ ಬಂತು. ಅವನು ಗಟ್ಟಿಯಾಗಿ, ಮಕ್ಕಳ ಹಾಗೆ ಅತ್ತ.

ಖಂಡಪ್ಪ ಕಾರಿನಲ್ಲೇ ಕೂತು ಹೊಲದ ಕಡೆ ಮುಖ ತಿರುಗಿಸಿದರು. ಗುರುಬಾಯಿ ಅವನ ಕೈಯಿಂದ ತಂಬಿಗೆ ಬಿಡಿಸಿಕೊಂಡು, ಊದಿದ ಕಾಲೆಳೆಯುತ್ತ, ಇನ್ನೊಂದು ತಂಬಿಗೆ ನೀರು ತರಲು ಗುಡಿಸಲ ಕಡೆ ನಡೆದಳು.